ಒತ್ತಿಲ್ಲದ ಪದ

ಬ್ರಾಹ್ಮಿಲಮ್ಮನವರ ಕವಿತೆಯನ್ನು
ನಾನು ನೆಟ್ಟಗೆ ಓದಿದ್ದು ಬಹಳ ತಡವಾಗಿ.
ಮೊಳೆ ಜೋಡಿಸುವವನಿಗೆ ಸಾಲು ತಲೆಕೆಳಗು,
ಅಕ್ಷರ ಕನ್ನಡಿಯೊಳಗಿನದು.
ಶಿವರಾಮಪೇಟೆಯ ಅಚ್ಚುಕೂಟ, ಹಿಂದಿನ ಕೋಣೆ,
ಎದುರಿಗೆ ಕೇಸು, ಎಡಗೈಯಲ್ಲಿ ಸ್ಟಿಕ್ಕು,
ಬಲಗೈ ಮನೆಯಿಂದ ಮನೆಗೆ ಭಿಕ್ಷೆಗೆ ಹೋದಂತೆ
ಕ ಹೆಕ್ಕಿ, ನ ಹೆಕ್ಕಿ, ಸೊನ್ನೆ ಹೆಕ್ಕಿ.

ಸಾಲಿಗ್ರಾಮದ ಪಾತ್ರೆ ಅಂಗಡಿಯ ಸೊಸೆ.
ಆದಿನಾಥನ ಮಗಳ ಹೆಸರು ಅವರದು;
ಆ ಮಗಳಿಗೆ ಅಪ್ಪನೇ ಕೈಹಿಡಿದು ಅಕ್ಷರ ತಿದ್ದಿಸಿದನಂತೆ,
ಇವರಿಗೆ ತಿದ್ದಿಸಿದ್ದು ಅಂಗಡಿಯ ಗುಮಾಸ್ತ, ಕದ್ದು.
ಹದಿಮೂರಕ್ಕೆ ಮದುವೆ, ಹತ್ತೊಂಬತ್ತಕ್ಕೆ ಖಾದಿ.
ಬರೆಯುತ್ತಿದ್ದದ್ದು ಮಾವನ ಲೆಕ್ಕದ ಚೀಟಿಗಳ ಬೆನ್ನಿಗೆ.
ಒಮ್ಮೆ ನಾನು ಮಗ್ಗುಲು ತಪ್ಪಿ
‘ತಪ್ಪಲೆ ಒಂದು, ಬಾಕಿ ನಾಲ್ಕಾಣೆ’ ಎಂಬುದನ್ನೂ
ಪದ್ಯದ ಕೊನೆಗೆ ಜೋಡಿಸಿಬಿಟ್ಟೆ.
ಕರಡು ನೋಡಿ ನಕ್ಕರು:
ಇರಲಿ ಬಿಡು ಚನ್ನಂಜ,
ಬಾಕಿ ಇರೋದಂತೂ ನಿಜ ತಾನೆ.

ದೆಹಲಿಗೆ ಆಗಸ್ಟಿನಲ್ಲೇ ಬಂದದ್ದು
ನಮ್ಮ ಗಡಿಯಲ್ಲಿ, ಸುಂಕದಕಟ್ಟೆಗೆ ಸಿಕ್ಕ ಗಾಡಿಯಂತೆ,
ನಿಂತೇ ಇತ್ತು.
ಅರಮನೆಗೆ ನಡೆಯಿರಿ ಎಂದು ಹಳ್ಳಿಹಳ್ಳಿಗೂ ಕರಪತ್ರ;
ಊರಿನ ಅಚ್ಚುಕೂಟಗಳಲ್ಲೆಲ್ಲ ವ ಒತ್ತಿಗೆ ಬರ.
ನಮ್ಮಲ್ಲಿದ್ದದ್ದು ಹನ್ನೊಂದು,
ಅದರಲ್ಲಿ ಮೂರಕ್ಕೆ ಬಾಲ ಮುರಿದಿತ್ತು.
ಸ್ವಾತಂತ್ರ್ಯ ಅಂತ ಹದಿನಾಲ್ಕು ಕಡೆ ಬರೆದಿದ್ದೀರಿ,
ಎಲ್ಲಿಂದ ತರಲಿ ತಾಯಿ?
ಸ್ಟೂಲಿನ ಮೇಲೆ ಕಾಲು ಮಡಿಸಿ ಕೂತು
ಒಂದು ಗಳಿಗೆ ಯೋಚಿಸಿದರು.
ಬಿಡುಗಡೆ ಅಂತ ಹಾಕು.
ಅದಕ್ಕೆ ಯಾರ ಒತ್ತೂ ಬೇಕಿಲ್ಲ.

ಬೂಟು ಜಗಲಿ ಹತ್ತಿದಾಗ
ಗ್ಯಾಲಿ ನನ್ನ ಕೈಯಲ್ಲೇ ಇತ್ತು. ಮಗುಚಿದೆ.
ನೆಲದ ತುಂಬ ಸೀಸದ ಅಕ್ಷರ.
ಇನ್‌ಸ್ಪೆಕ್ಟರು ಒಂದು ಬೊಗಸೆ ಎತ್ತಿ
ಅಕ್ಕಿಯಲ್ಲಿ ಕಲ್ಲು ಹುಡುಕುವಂತೆ ಬೆಳಕಿಗೆ ಹಿಡಿದ.
ಕೈಬರಹ ಆಗಲೇ ಸರೇಸು ಕಾಯಿಸುವ ಒಲೆಯಲ್ಲಿ.
ಇವನನ್ನು ಬಿಡಿ, ಬರೆದವಳು ನಾನು,
ಎಂದು ಅವರೇ ಎದ್ದು ನಿಂತರು.

ಜೈಲಿನಲ್ಲಿ ಊಟ ಬರುತ್ತಿದ್ದದ್ದು ದೀಪ ಹಚ್ಚಿದ ಮೇಲೆ.
ಹೊತ್ತು ಮುಳುಗಿದರೆ ಉಣ್ಣದ ಮನೆತನ; ತಟ್ಟೆ ಸರಿಸಿದರು.
ಜೈಲರು ಉಪವಾಸ ಸತ್ಯಾಗ್ರಹವೆಂದು ಬರೆದುಕೊಂಡು
ಗಾಬರಿಬಿದ್ದ.
ಮೂರನೆಯ ದಿನದಿಂದ ಊಟ ನಾಲ್ಕೂವರೆಗೆ,
ಇಡೀ ಹೆಂಗಸರ ಕೋಣೆಗೆ.
ಕೇಳದೆ ಗೆದ್ದದ್ದು ಇದೊಂದೇ, ಎನ್ನುತ್ತಿದ್ದರು.

ಹೊರಬಂದವರು ನೇರ ಅಚ್ಚುಕೂಟಕ್ಕೆ.
ಬಿಡುಗಡೆ ಚೀಟಿಯ ಬೆನ್ನಿಗೆ ನೆನಪಿನಿಂದ ಅದೇ ಪದ್ಯ:
‘ಊರು ಉಂಡೆದ್ದಿತು,
ಬಡಿಸಿದವಳ ಎಲೆ ಬರಿದು’
ಆಮೇಲಿನ ಸಾಲು ಬರ್ತಾ ಇಲ್ಲ ಚನ್ನಂಜ.
ನನಗೂ ನೆನಪಿರಲಿಲ್ಲ.
ಕೇಸಿನ ಮುಂದೆ ನಿಂತು ಕಣ್ಣು ಮುಚ್ಚಿದೆ.
ಬಲಗೈ ತಾನೇ ಎದ್ದು ಹೊರಟಿತು,
ಹೊ ಇರುವ ಮೂಲೆಗೆ, ಅಲ್ಲಿಂದ ತು, ಅದರ ಒತ್ತು,
ದಾರಿ ಗೊತ್ತಿದ್ದ ಹಸುವಿನ ಹಾಗೆ:
‘ಹೊತ್ತು ಮುಳುಗುತಿದೆ, ಅಕ್ಕಾ, ಕೂತುಕೋ.’
ಸ್ಟಿಕ್ಕು ತಿರುಗಿಸಿ ಓದಿದರು. ಏನೂ ಅನ್ನಲಿಲ್ಲ.
ಸೆರಗಿನ ತುದಿಗೆ ಮಸಿ ಅಂಟಿತು.

ಚೀಟಿ ತಂತಿಗೆ ಚುಚ್ಚಿದ್ದು ಅಲ್ಲೇ ಉಳಿಯಿತು,
ಲಗ್ನಪತ್ರಿಕೆ, ಊದುಬತ್ತಿ ಲೇಬಲ್ಲು,
ಯಾರಯಾರದೋ ವೈಕುಂಠ ಸಮಾರಾಧನೆಗಳ ಕೆಳಗೆ
ಇಪ್ಪತ್ತೈದು ವರ್ಷ.
ಪಿಂಚಣಿಗೆ ಕಚೇರಿಯವರು ಪುರಾವೆ ಕೇಳಿದರೆಂದು ಗೊತ್ತಾಗಿ
ಬಸ್ಸು ಹಿಡಿದು ಹೋದೆ,
ಚೀಟಿ ಅಂಗೈಯಲ್ಲಿಟ್ಟೆ.
ಮೊಹರಿನ ಕಡೆ ನೋಡಲೇ ಇಲ್ಲ. ಮಗುಚಿದರು.
ತಂತಿಯ ತೂತು ಸರಿಯಾಗಿ ಎಲೆಯ ನಡುವೆ.

ಅರ್ಜಿಗೆ ಲಗತ್ತಿಸಿದರೆ ವಾಪಸು ಕೊಡ್ತಾರಾ?
ಇಲ್ಲಮ್ಮ, ಫೈಲಿಗೆ ಹೋಗುತ್ತೆ.
ಹಾಗಿದ್ರೆ ಬೇಡ, ಎಂದು ಮಡಿಸಿ
ಅರಿಸಿನದ ಡಬ್ಬಿಯೊಳಗಿಟ್ಟರು.
ಹಿತ್ತಿಲ ಗೋಡೆಯ ಮೇಲೆ ಬಿಸಿಲು ಇನ್ನೂ ಒಂದು ಮೊಳ.
ಉಂಡು ಹೋಗು, ಬೇಗ ಕೈತೊಳಿ, ಎಂದರು.
ಎರಡು ಎಲೆ ಹಾಕಿದರು.